ಗರುಡ, ಬಂಗುಡೆ ಮತ್ತು ನಮ್ಮವರು

ಹಾರುವ ಹಕ್ಕಿಯ ಫೋಟೊ ತೆಗೆಯುವುದು ಕಷ್ಟದ ಕೆಲಸವೆಂದು ನನಗೆ ಅನ್ನಿಸಿಯೇ ಇರಲಿಲ್ಲ. ಹಕ್ಕಿ ಹಾರುತ್ತದೆ, ನಾವು ಗುಂಡಿ ಒತ್ತುತ್ತೇವೆ. ಇದರಲ್ಲಿ ಕಷ್ಟಪಡುವವರು ಯಾರಾದರೂ ಇದ್ದರೆ ಅದು ಹಕ್ಕಿ. ರೆಕ್ಕೆ ಬಡಿಯಬೇಕಾದದ್ದು ಅದು ತಾನೇ!

ಕುಂದಾಪುರದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಗೃಹಪ್ರವೇಶ, ಹುಟ್ಟುಹಬ್ಬ, ಕಬಡ್ಡಿ ಪಂದ್ಯಾಟ, ಶ್ರದ್ಧಾಂಜಲಿ, ಎಲ್ಲದಕ್ಕೂ ಬ್ಯಾನರ್ ಮಾಡಿಕೊಡುತ್ತೇನೆ. ಬೋಳುತಲೆಗಳಿಗೆ ಕೂದಲು ಕೊಟ್ಟಿದ್ದೇನೆ. ಜನ್ಮದಲ್ಲಿ ನಗದ ಅಧ್ಯಕ್ಷರ ತುಟಿಯನ್ನು ಎರಡೂ ಬದಿಯಲ್ಲಿ ಚೂರು ಎತ್ತಿ ನಗಿಸಿದ್ದೇನೆ. ಇಂಥ ನನಗೆ ಒಂದು ಹಕ್ಕಿ ಯಾವ ಲೆಕ್ಕ?

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿ ಬಿಟ್ಟು ಎಡಕ್ಕೆ ಇಳಿದರೆ ಹೊಳೆಬದಿಯಲ್ಲಿ ಒಂದು ಊರಿದೆ. ಅಲ್ಲಿಯ ಯುವಕ ಮಂಡಲದವರು ಹೊಳೆಯಂಚಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಜಾಗಕ್ಕೆ ಬೇಲಿ ಹಾಕಿಸಿ, ಅದನ್ನು ಪಕ್ಷಿಧಾಮವೆಂದು ಕರೆದು, ಹಕ್ಕಿಗಳನ್ನು ಅಡಗಿ ಕೂತು ನೋಡಲು ಒಂದು ಮರೆಗೂಡನ್ನು ಕಟ್ಟಿದ್ದರು. ನಾಲ್ಕು ಕಂಬದ ಮೇಲೆ ಬಿದಿರಿನ ಗೋಡೆ, ತೆಂಗಿನ ಮಡಲಿನ ಮಾಡು, ಕಣ್ಣು ಇಡಲು ಮೂರು ಬದಿಯಲ್ಲಿ ಉದ್ದನೆಯ ಕಿಂಡಿ, ಹಿಂದೆ ಮರದ ಮೆಟ್ಟಿಲು. ಭಾನುವಾರ ಉದ್ಘಾಟನೆ. ಮಂಡಲದ ಅಧ್ಯಕ್ಷ ದಿನಕರ ಬಂದು ಬ್ಯಾನರಿಗೆ ಹೇಳಿದ. ನಾನು ಇಂಟರ್ನೆಟ್ಟಿನಿಂದ ಒಂದು ಚಂದದ ಹಕ್ಕಿಯನ್ನು ತೆಗೆದು, ಮಧ್ಯದಲ್ಲಿ ದೊಡ್ಡದಾಗಿ ಕೂರಿಸಿ, ಪ್ರಿಂಟ್ ಮಾಡಿ ಕೊಟ್ಟೆ. ಮೈಗಿಂತ ಕೊಕ್ಕೇ ದೊಡ್ಡದಿದ್ದ ಬಣ್ಣಬಣ್ಣದ ಹಕ್ಕಿ. ಊರಿನ ಬಸ್‌ ಸ್ಟಾಪಿನಲ್ಲಿ ಕಟ್ಟಿದರು.

ಬುಧವಾರ ದಿನಕರ ಮತ್ತೆ ಬಂದ. ಮುಖ ಸಪ್ಪಗಿತ್ತು.

"ಸರೋಜಕ್ಕ, ಆ ಹಕ್ಕಿ ಎಲ್ಲಿದ್?"

"ನಮ್ ಬದಿದೇ ಇರ್ಕ್," ಎಂದೆ.

"ಅಲ್ಲ ಅಂಬ್ರ್. ಬ್ರಹ್ಮಾವರದ್ ಮಾಸ್ಟ್ರ್ ಒಬ್ರ್ ಇದ್ರಲೆ, ಹಕ್ಕಿ ಬಗ್ಗೆ ಎಲ್ಲ ಗೊತ್ತಿಪ್ಪವ್ರ್, ಉದ್ಘಾಟನೆಗ್ ಬಪ್ಪವ್ರೇ ಅವ್ರ್. ಬಸ್ಸಗೆ ಹೋಪತಿಗೆ ಬ್ಯಾನರ್ ಕಂಡ್ರ್ ಗಡ. ಫೋನ್ ಮಾಡಿರ್. ಅದ್ ದಕ್ಷಿಣ ಅಮೆರಿಕದ್ ಕಾಡಗೆ ಮಾತ್ರ ಇಪ್ಪುದ್ ಅಂಬ್ರ್."

"ಕಾಂಬುಕೆ ಚಂದ ಇತ್ತಲೆ!"

"ಚಂದ ಇತ್ತ್. ಆರೆ ವೀಸಾ ಇಲ್ಲೆ."

ಇಪ್ಪತ್ತು ವರ್ಷ ಅಂಗಡಿ ನಡೆಸಿದವಳು ನಾನು. ಎದುರು ಅಂಗಡಿಯವರು ಕೇಳಿಸಿಕೊಂಡು ನಕ್ಕರು. ಆ ನಗುವಿನ ಬಿಸಿಯಲ್ಲೇ ನಾನು ಘೋಷಿಸಿದೆ: "ಇಂಟರ್ನೆಟ್ಟಿಂದ್ ಬ್ಯಾಡ. ನಿಮ್ ಪಕ್ಷಿಧಾಮದಗೆ ಹಾರು ಹಕ್ಕಿಯನ್ನೇ ನಾ ತೆಗ್ದ್ ಕೊಡ್ತೆ. ಶನಿವಾರ ಹೊಸ ಬ್ಯಾನರ್!"

"ನೀವಾ?" ಎಂದ ದಿನಕರ.

ಆ ಒಂದು ಪ್ರಶ್ನೆಯಲ್ಲಿ ಎಷ್ಟೊಂದು ವಿವೇಕವಿತ್ತು ಎಂದು ಈಗ ತಿಳಿಯುತ್ತದೆ.

ಪಕ್ಕದ ಸ್ಟುಡಿಯೋದ ಪ್ರಕಾಶನ ಹತ್ತಿರ ಎರಡು ಕ್ಯಾಮೆರಾಗಳಿದ್ದವು. ಒಂದನ್ನು ಶುಕ್ರವಾರ ಬೆಳಿಗ್ಗೆಗೆ ಮಾತ್ರ ಕೊಡಲು ಒಪ್ಪಿದ. ಶನಿವಾರ ಅವನಿಗೆ ಒಂದು ಮದುವೆಯ ಫೋಟೊ ತೆಗೆಯುವುದಿತ್ತು. ಅದರ ಲೆನ್ಸ್ ಮಸಾಲೆ ಕಡೆಯುವ ಗುಂಡುಕಲ್ಲಿನಷ್ಟು ಭಾರ.

"ಸರೋಜಕ್ಕ, ಹಾರು ಹಕ್ಕಿಗೆ ಒಂದ್ ಸಲ ಒತ್ತಿರೆ ಸಾಕಾತಿಲ್ಲೆ," ಎಂದು ಅವನು ಉಪದೇಶಿಸಿದ. "ಒತ್ತಿ ಹಿಡಿನಿ, ಬೆರಳ್ ತೆಗಿಬೇಡಿ. ಚಟಚಟ ಅಂದೇಳಿ ಅದೇ ತೆಗಿತಾ ಹೋತ್ತ್. ಮತ್ತೆ ಹಕ್ಕಿ ಎಲ್ಲಿಗ್ ಹೋತ್ತೊ ಲೆನ್ಸೂ ಅಲ್ಲಿಗೇ ಹೋಯ್ಕ್. ಇದ್ ಮದ್ವಿ ಗಂಡ್ ಅಲ್ಲ, 'ಇತ್ಲಾಗ್ ಕಾಣಿ' ಅಂದ್ರೆ ಕಾಂತಿಲ್ಲೆ."

"ಗೊತ್ತಿತ್ತ್, ಗೊತ್ತಿತ್ತ್," ಎಂದೆ. ಏನೂ ಗೊತ್ತಿರಲಿಲ್ಲ.

ಶುಕ್ರವಾರವೇ ಇನ್ನೊಂದು ಕಾರ್ಯಕ್ರಮವೂ ಇತ್ತು. ನಮ್ಮವರ ಅಕ್ಕ ಸೀತತ್ತಿಗೆಯನ್ನು ಕೊಟ್ಟದ್ದು ಅದೇ ಹೊಳೆಬದಿಯ ಊರಿಗೆ. ಅವರ ಕುಟುಂಬದ ದೈವದ ಗುಡಿಯನ್ನು ಹೊಸದಾಗಿ ಕಟ್ಟಿಸಿ, ಅವತ್ತು ಕಲಶಾಭಿಷೇಕ ಇಟ್ಟುಕೊಂಡಿದ್ದರು. ಗುಡಿಗೂ ಮರೆಗೂಡಿಗೂ ನಡುವೆ ಇದ್ದದ್ದು ಒಂದು ತೆಂಗಿನ ತೋಟ ಮಾತ್ರ. ನಮ್ಮ ಕಡೆ ಕಲಶದ ಹೊತ್ತಿಗೆ ಆಕಾಶದಲ್ಲಿ ಗರುಡ ಬಂದು ಸುತ್ತು ಹೊಡೆದರೆ ದೈವ ಒಪ್ಪಿತು ಎಂದು ಲೆಕ್ಕ. ಹಾಗಾಗಿ ಅತ್ತಿಗೆ ಮೊದಲೇ ಎಚ್ಚರಿಸಿದ್ದರು:

"ಗರುಡ ಬಪ್ಪು ಹೊತ್ತಿಗೆ ನೀವಿಬ್ರೂ ಅಲ್ಲ್ ಇರ್ಕ್. ಇಲ್ದಿರೆ ಮತ್ತೆ ನನ್ ಮನಿ ಮೆಟ್ಲ್ ಹತ್ತುದ್ ಬ್ಯಾಡ!"

ಅತ್ತಿಗೆ ಬೈಂದೂರಿನ ಪೇಟೆಯಲ್ಲಿ ಮೀನು ಮಾರಿಯೇ ಮಕ್ಕಳನ್ನು ದಡ ಹತ್ತಿಸಿದವರು. ಅವರು ಹೇಳಿದರೆ ಮುಗಿಯಿತು. ಚೌಕಾಸಿಗೆ ಎಡೆಯಿಲ್ಲ.

ನಾನು ಯೋಜನೆ ಹಾಕಿದೆ. ಬೆಳಿಗ್ಗೆ ಬೇಗ ಮರೆಗೂಡಿಗೆ ಹೋಗುವುದು, ಹಕ್ಕಿಯ ಫೋಟೊ ತೆಗೆಯುವುದು, ಅಲ್ಲಿಂದ ತೋಟ ದಾಟಿ ಗುಡಿಗೆ ಹೋಗುವುದು, ಗರುಡ ಬಂದಾಗ ಕೈ ಮುಗಿಯುವುದು, ಊಟ ಮಾಡುವುದು. ಇದರಲ್ಲಿ ಕೊನೆಯದೊಂದು ಮಾತ್ರ ಯೋಜನೆಯಂತೆ ನಡೆಯಿತು.

ಎರಡು ಸಲ ಬಟ್ಟೆ ಬದಲಿಸುವುದು ಯಾಕೆಂದು ನಾನು ಮನೆಯಿಂದಲೇ ಜರಿ ಅಂಚಿನ ಗುಲಾಬಿ ರೇಷ್ಮೆ ಸೀರೆ ಉಟ್ಟು ಹೊರಟೆ. ನಮ್ಮವರು ಹೊಸ ಪಂಚೆ, ಹೊಸ ಅಂಗಿ, ಹೆಗಲಿಗೆ ಶಾಲು. ಬೆಳ್ಳಕ್ಕಿಗಿಂತ ಬಿಳಿ.

ನಮ್ಮವರ ಹೆಸರು ಮಂಜುನಾಥ. ಬಂದರಿನಿಂದ ಹೋಟೆಲುಗಳಿಗೆ ಮೀನು ಸರಬರಾಜು ಮಾಡುತ್ತಾರೆ. ದೋಣಿ ಎಂಜಿನ್‌ಗಳ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಗಂಟಲು ಅವರದ್ದು. ಅವರು ನನಗೆ ಗುಟ್ಟು ಹೇಳಿದರೆ ಪಕ್ಕದ ಮನೆಯವರು ಉತ್ತರ ಕೊಡುತ್ತಾರೆ. ಅವತ್ತೂ ಬೆಳಗಿನ ಜಾವ ಬಂದರಿಗೆ ಹೋಗಿ, ಹೋಟೆಲೊಂದಕ್ಕೆ ಕೊಡಬೇಕಾದ ಬಂಗುಡೆಯನ್ನು ಐಸ್ ಪೆಟ್ಟಿಗೆಯಲ್ಲಿ ತುಂಬಿಸಿ, ಟೆಂಪೊದಲ್ಲಿ ಇಟ್ಟುಕೊಂಡೇ ನನ್ನನ್ನು ಕರೆದುಕೊಂಡು ಬಂದಿದ್ದರು. ದಾರಿಯಲ್ಲಿ ಕೊಟ್ಟು ಬರೋಣವೆಂದರೆ ಹೋಟೆಲಿನ ಬಾಗಿಲು ತೆರೆದಿರಲಿಲ್ಲ.

ಮರೆಗೂಡಿನ ಬುಡದಲ್ಲಿ ಸೂಚನೆಗಳ ಬೋರ್ಡು ಇತ್ತು. 'ಮೌನವಾಗಿರಿ. ಗಾಢ ಬಣ್ಣದ ಹಾಗೂ ಬಿಳಿ ಬಟ್ಟೆ ಧರಿಸಬೇಡಿ. ಪಕ್ಷಿಗಳಿಗೆ ಆಹಾರ ಹಾಕಬೇಡಿ.' ಈ ಬೋರ್ಡನ್ನು ಪ್ರಿಂಟ್ ಮಾಡಿದವಳು ನಾನೇ. ಅಕ್ಷರ ತಪ್ಪುಗಳಿಗಾಗಿ ಎರಡು ಸಲ ಓದಿದ್ದೆ. ಅರ್ಥಕ್ಕಾಗಿ ಓದಿದ್ದು ಅವತ್ತೇ ಮೊದಲು. ನಾನು ನನ್ನ ಗುಲಾಬಿ ಸೀರೆ ನೋಡಿಕೊಂಡೆ. ನಮ್ಮವರ ಪಂಚೆ ನೋಡಿದೆ. ಇಬ್ಬರೂ ಸುಮ್ಮನೆ ಮೆಟ್ಟಿಲು ಹತ್ತಿದೆವು.

ಕೆಳಗೆ ಹೊಳೆ ಇಳಿತದಲ್ಲಿತ್ತು. ಕೆಸರಿನ ಮೇಲೆ ಬೆಳ್ಳಕ್ಕಿಗಳು ಮೆಲ್ಲಗೆ ನಡೆಯುತ್ತಿದ್ದವು. ನಾನು ಲೆನ್ಸನ್ನು ಕಿಂಡಿಯ ಮೇಲಿಟ್ಟು ಒಂದು ಬೆಳ್ಳಕ್ಕಿಗೆ ಗುರಿ ಹಿಡಿದೆ. ಅದು ಹಾರಿತು. ಒತ್ತಿದೆ. ಕ್ಯಾಮೆರಾ ಚಟಚಟನೆ ಸದ್ದು ಮಾಡಿತು. ಕುತೂಹಲದಿಂದ ನೋಡಿದರೆ ಆಕಾಶ. ಮುಂದಿನದ್ದು ಆಕಾಶ. ಅದರ ಮುಂದಿನದ್ದರಲ್ಲಿ ಮೂಲೆಯಲ್ಲೊಂದು ಕಾಲಿತ್ತು.

ಅಷ್ಟರಲ್ಲಿ ಒಂದು ಮಿಂಚುಳ್ಳಿ ಬಂದು ಎದುರಿನ ಗೂಟದ ಮೇಲೆ ಕೂತಿತು. ಕೂತ ಹಕ್ಕಿ ನನಗೆ ಬೇಡ. ಬ್ಯಾನರಿಗೆ ಹಾರುವ ಹಕ್ಕಿಯನ್ನೇ ಕೊಡುತ್ತೇನೆಂದು ಬಾಯಿ ಬಿಟ್ಟಾಗಿದೆ. ಅದು ಹಾರಲಿ ಎಂದು ಕಾದೆ. ತೋಳು ಸೋತಿತು. ಕುತ್ತಿಗೆ ಹಿಡಿಯಿತು. ಆ ಮಿಂಚುಳ್ಳಿ ಗೂಟದ ಜೊತೆಗೇ ಹುಟ್ಟಿದ ಹಾಗೆ ಕೂತಿತ್ತು. ಒಂದು ಗಳಿಗೆ ಕ್ಯಾಮೆರಾ ಕೆಳಗಿಟ್ಟು ಭುಜ ಉಜ್ಜಿಕೊಂಡೆ. ಹಾರಿತು!

"ಹೋಯ್ತ್," ಎಂದರು ನಮ್ಮವರು.

"ಕಂಡಿದೆ," ಎಂದೆ.

ಆಗ ಅವರ ಫೋನು ಬಡಿಯಿತು. ಹೋಟೆಲಿನವರು. ಬೋರ್ಡಿನ ನೆನಪಾಗಿ ನಮ್ಮವರು ಬಾಯಿಗೆ ಕೈ ಅಡ್ಡ ಹಿಡಿದು, ಬಹಳ ಜವಾಬ್ದಾರಿಯಿಂದ, ಪಿಸುಮಾತಿನಲ್ಲಿ ಉತ್ತರಿಸಿದರು: "ಬಂಗ್ಡಿ ಇತ್ತ್! ಈಗ್ಳೇ ಬತ್ತೆ!"

ಹೊಳೆಯಲ್ಲಿದ್ದ ಅಷ್ಟೂ ಬೆಳ್ಳಕ್ಕಿಗಳು ಒಟ್ಟಿಗೆ ಎದ್ದವು. ಕಾಂಡ್ಲಾ ಗಿಡಗಳಲ್ಲಿ ನಮಗೆ ಕಾಣದೆ ಕೂತಿದ್ದ ನೀರುಕಾಗೆಗಳೂ ಎದ್ದವು. ಕಣ್ಣೆದುರು ರೆಕ್ಕೆಯೋ ರೆಕ್ಕೆ.

"ಹಾರ್ತಾ ಇತ್ತ್ ಕಾಣ್! ತೆಗಿ, ತೆಗಿ!"

"ಯಾವ್ದನ್ನ?"

"ಯಾವ್ದಾರೂ ತೆಗಿ ಮರಾಯ್ತಿ!"

ಸೀರೆ ಅಂಗಡಿಯಲ್ಲಿ ಎಲ್ಲ ಸೀರೆಯನ್ನೂ ಒಟ್ಟಿಗೆ ಹರವಿದರೆ ಹೇಗಾಗುತ್ತದೋ ಹಾಗಾಯಿತು. ಇದೋ, ಅದೋ ಎಂದು ಲೆನ್ಸು ತಿರುಗಿಸುವಷ್ಟರಲ್ಲಿ ಹೊಳೆ ಖಾಲಿ. ಕೆಸರಿನ ಮೇಲೆ ಒಂದು ಏಡಿ ಮಾತ್ರ ಉಳಿದಿತ್ತು. ಅದು ಹಾರುವ ಸಾಧ್ಯತೆ ಕಡಿಮೆ.

ತೋಟದ ಆಚೆಯಿಂದ ಗುಡಿಯ ಮೈಕು ಕೇಳಿಸುತ್ತಿತ್ತು. "ಭಗವದ್ಭಕ್ತರೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ಕಲಶ ನೆರವೇರಲಿದೆ." ಕ್ಯಾಮೆರಾ ಮಧ್ಯಾಹ್ನ ಹಿಂದಕ್ಕೆ ಕೊಡಬೇಕು. ಅತ್ತಿಗೆಯ ಮನೆಯ ಮೆಟ್ಟಿಲನ್ನು ಮುಂದೆಯೂ ಹತ್ತಬೇಕು. ದಿನಕರನಿಗೆ, ಎದುರು ಅಂಗಡಿಯವರಿಗೆ ಮುಖ ತೋರಿಸಬೇಕು. ಎಲ್ಲಕ್ಕೂ ಒಂದು ಹಕ್ಕಿ ಬೇಕು, ಒಂದೇ ಒಂದು!

ನಮ್ಮವರಿಗೆ ನನ್ನ ಮುಖ ನೋಡಿ ಕನಿಕರ ಬಂತು. ಈ ಕತೆಯಲ್ಲಿ ಎಲ್ಲ ಅನಾಹುತವೂ ಅವರ ಕನಿಕರದಿಂದಲೇ ಶುರುವಾದದ್ದು.

"ಅಲ್ಲ ಹೆಣ್ಣೆ, ನಿನ್ ಅಂಗ್ಡಿಗೆ ಕೆಲ್ಸ ಇಲ್ದೆ ಯಾರಾರೂ ಬತ್ರಾ? ಎಂತಾರೂ ಬೇಕಿದ್ರೆ ಬತ್ರ್. ಹಕ್ಕಿಗೂ ಬಪ್ಪುಕೆ ಒಂದ್ ಕಾರಣ ಬೇಕಲೆ?" ಎಂದವರೇ ಕೆಳಗಿಳಿದು ಹೋಗಿ, ಐಸ್ ಪೆಟ್ಟಿಗೆಯಿಂದ ಒಂದು ಬುಟ್ಟಿ ಬಂಗುಡೆ ಹಿಡಿದುಕೊಂಡು ಬಂದರು.

"ಹ್ವಾಯ್, ಬ್ಯಾಡ! ಬೋರ್ಡಗೆ ಬರ್ದಿತ್ತ್, ಎಂತದೂ ಹಾಕುಕಾಗ ಅಂದೇಳಿ."

"ಬೋರ್ಡ್ ಮಾಡದ್ ಯಾರ್?"

"ನಾನೇ."

"ಹಂಗಾರೆ ಒಂಚೂರ್ ಅಡ್ಜಸ್ಟ್ ಮಾಡ್."

ಮೊದಲ ಬಂಗುಡೆ ಕೆಸರಿನ ಮೇಲೆ ಬಿದ್ದು ಬೆಳ್ಳಗೆ ಹೊಳೆಯಿತು. ಒಂದು ಕಾಗೆ ಬಂತು. ನೋಡಿತು. ಹೋಗಿ ತನ್ನ ಸಂಸಾರವನ್ನು ಕರೆದುಕೊಂಡು ಬಂತು. ಬೇಲಿ ನುಸುಳಿ ಮೂರು ನಾಯಿಗಳು ಬಂದವು. ನಮ್ಮವರಿಗೆ ಉತ್ಸಾಹ ಏರಿತು. ಎಡಕ್ಕೊಂದು, ಬಲಕ್ಕೊಂದು ಎಸೆಯತೊಡಗಿದರು. ಆಗ ಮೇಲಿಂದ, ಕೆಂಗಂದು ರೆಕ್ಕೆ ಹರಡಿಕೊಂಡು, ಬಿಳಿ ತಲೆಯ ಒಂದು ಗರುಡ ಇಳಿಯಿತು. ಅದರ ಹಿಂದೆ ಇನ್ನೊಂದು. ನೋಡ ನೋಡುತ್ತ ಮರೆಗೂಡಿನ ಮೇಲೆ ಗರುಡಗಳ ಸಂತೆ!

ನಾನು ಒತ್ತಿ ಹಿಡಿದೆ. ಬೆರಳು ತೆಗೆಯಲಿಲ್ಲ. ಗರುಡ ಎಲ್ಲಿಗೆ ಹೋಯಿತೋ ಲೆನ್ಸೂ ಅಲ್ಲಿಗೆ ಹೋಯಿತು, ಆದರೆ ಅದು ಬಿಟ್ಟು ಹೋದ ಮೇಲೆ ಹೋಯಿತು.

ಅಷ್ಟರಲ್ಲಿ ಮೈಕಿನ ದನಿ ದೀನವಾಗಿತ್ತು. "ಭಕ್ತರೇ, ಕಲಶ ಆಗ್ತಾ ಇದೆ. ಎಲ್ಲರೂ ಆಕಾಶ ನೋಡಿ. ಗರುಡನ ಆಗಮನಕ್ಕೆ ಪ್ರಾರ್ಥಿಸಿ." ಸ್ವಲ್ಪ ಬಿಟ್ಟು: "ಗರುಡ ಇನ್ನೂ ಬಂದಿಲ್ಲ. ದಯವಿಟ್ಟು ಪ್ರಾರ್ಥಿಸಿ."

ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ಆ ಊರಿನ, ಅಕ್ಕಪಕ್ಕದ ಊರಿನ ಗರುಡಗಳೆಲ್ಲ ನಮ್ಮ ಹತ್ತಿರ ಇದ್ದವು.

"ಹ್ವಾಯ್," ಎಂದೆ, "ದೈವದ್ ಗರುಡನ್ನ ನಾವ್ ಹಿಡ್ದ್ ಇಟ್ಕಂಡಾಂಗಾಯ್ತಲೆ!"

"ಎಸುದ್ ನಿಲ್ಸ್ತೆ," ಎಂದು ಅವರು ಬುಟ್ಟಿಯನ್ನು ಬೆನ್ನ ಹಿಂದೆ ಅಡಗಿಸಿದರು. ಗರುಡಗಳಿಗೆ ಕಾಣದಿರಲಿ ಎಂದು!

ಮೀನು ಬೀಳುವುದು ನಿಂತಾಗ ಗರುಡಗಳಲ್ಲಿ ಜಗಳ ಹುಟ್ಟಿತು. ಒಂದರ ಕಾಲಲ್ಲಿ ಒಳ್ಳೆಯ ದಪ್ಪ ಬಂಗುಡೆ ಇತ್ತು. ಉಳಿದವು ಅದನ್ನು ಅಟ್ಟಿಸಿಕೊಂಡು ಹೋದವು. ಅದು ತೆಂಗಿನ ತೋಟದ ಮೇಲೆ ಹಾರಿ, ತಪ್ಪಿಸಿಕೊಳ್ಳಲು ದಾರಿ ಕಾಣದೆ, ನೇರ ಗುಡಿಯ ಮೇಲೆ ಹೋಗಿ ಸುತ್ತತೊಡಗಿತು. ಒಂದು ಸುತ್ತು. ಎರಡು ಸುತ್ತು.

ಮೈಕು ಹುಚ್ಚಾಯಿತು. "ಗರುಡ ಬಂತು! ಭಕ್ತರೇ, ಗರುಡ ಬಂತು! ಒಂದಲ್ಲ... ಎರಡಲ್ಲ... ಹ್ವಾಯ್, ರಾಶಿ ಇತ್ತ್ ಮರ್ರೆ!"

ವಾದ್ಯ ಮೊಳಗಿತು. ಹೆಂಗಸರ ಗೋವಿಂದ ಗೋವಿಂದ ಕೇಳಿಸಿತು. ನಾನು ಬದಿಯ ಕಿಂಡಿಯಿಂದ ಲೆನ್ಸನ್ನು ಅತ್ತ ತಿರುಗಿಸಿದೆ. ಜಗಳದಲ್ಲಿ ಗರುಡನ ಕಾಲು ಸಡಿಲವಾಯಿತು. ಬಂಗುಡೆ ಚಪ್ಪರದ ಮೇಲೆ ಬಿತ್ತು, ಇಳಿಜಾರಿನಲ್ಲಿ ಜಾರಿತು, ಕುಟುಂಬದ ಹಿರಿಯರಾದ ಗುರಿಕಾರರ ಕಾಲಬುಡದಲ್ಲಿ ಬಂದು ನಿಂತಿತು.

ವಾದ್ಯ ನಿಂತಿತು. ಗುರಿಕಾರರು ಮೀನಿಗೆ ಕೈ ಮುಗಿದರು. ಅವರ ಎದುರಿಗೇ ಮೈಕು ಇದ್ದುದರಿಂದ ಅವರ ಮಾತು ಹೊಳೆಯ ಆಚೆ ದಡಕ್ಕೂ ಕೇಳಿಸಿತು. "ಮಕ್ಳೆ, ನಾವ್ ಕಡಲ್ ನಂಬಿ ಬದ್ಕದವ್ರ್. ಗರುಡನ್ ಕೈಯಗೆ ಕಡಲಮ್ಮ ದೈವಕ್ಕೆ ಪಾಲ್ ಕಳ್ಸಿದ್ಲ್!"

ಜನ ಕಣ್ಣೊರೆಸಿಕೊಂಡರು. ಮರೆಗೂಡಿನೊಳಗೆ ನಾವಿಬ್ಬರೂ ನೆಲಕ್ಕೆ ಕುಕ್ಕರಿಸಿದೆವು. ಹಕ್ಕಿಗಳಿಗೆ ಕಾಣದ ಹಾಗೆ ಕೂರಲೆಂದು ಕಟ್ಟಿದ ಗೂಡಿನಲ್ಲಿ ಮನುಷ್ಯರಿಗೆ ಕಾಣದ ಹಾಗೆ ಕೂತೆವು. ಹೇಳಿದರೆ ಅವರ ಸಂತೋಷ ಹಾಳು. ಹೇಳದಿದ್ದರೆ ಇನ್ನು ಪ್ರತಿವರ್ಷ ಈ ಕತೆ ಕೇಳಿಕೊಂಡು ಕೈ ಮುಗಿಯುತ್ತ ಕೂರಬೇಕು. ನಾವು ಹೇಳದೇ ಇರುವುದೆಂದು ನಿರ್ಧರಿಸಿದೆವು. ಒಳ್ಳೆಯ ನಿರ್ಧಾರ. ಒಂದೈದು ನಿಮಿಷ ಬಾಳಿತು.

ನಾನು ಮೆಲ್ಲಗೆ ಎದ್ದು ಲೆನ್ಸಿನಲ್ಲಿ ಮತ್ತೆ ನೋಡಿದೆ. ಸೀತತ್ತಿಗೆ ಆ ಬಂಗುಡೆಯನ್ನು ಎತ್ತಿಕೊಂಡಿದ್ದರು. ಬೆಳಗಿನಿಂದ ಮೊದಲ ಸಲ ಕ್ಯಾಮೆರಾಕ್ಕೆ ಸರಿಯಾಗಿ ಫೋಕಸ್ ಸಿಕ್ಕಿತು. ಅತ್ತಿಗೆಯ ಮೂಗುಬೊಟ್ಟಿನ ಕಲ್ಲು ಕೂಡ ಲೆಕ್ಕಕ್ಕೆ ಸಿಗುವ ಹಾಗೆ ಕಾಣುತ್ತಿತ್ತು. ಅವರು ಮೀನಿನ ಹೊಟ್ಟೆ ಒತ್ತಿದರು. ಕಣ್ಣು ನೋಡಿದರು. ಅವರ ಹುಬ್ಬು ಗಂಟಾಯಿತು.

"ಗುರಿಕಾರ್ರೆ," ಎಂದಿತು ಮೈಕು, ಅತ್ತಿಗೆಯ ದನಿಯಲ್ಲಿ. "ಇದ್ ಕಡಲಿಂದ ಸೀದಾ ಬಂದದ್ದಲ್ಲ. ಹೊಟ್ಟಿ ಇನ್ನೂ ತಣ್ಣಗಿತ್ತ್. ಐಸಗೆ ಇಟ್ಟದ್ ಮೀನ್."

ಗುರಿಕಾರರು ಮೀನಿನ ಮೇಲೆ ಬಗ್ಗಿದರು.

"ಗರುಡ ಐಸ್ ಪೆಟ್ಟಿ ಇಟ್ಕಂತಾ?" ಎಂದು ಅತ್ತಿಗೆ ಯಾರನ್ನೋ ಕೇಳಿದರು. ಆಮೇಲೆ ಮೀನನ್ನು ಮೂಗಿನ ಹತ್ತಿರ ಹಿಡಿದು, ತೀರ್ಪು ಕೊಟ್ಟರು: "ಅದೂ ಇವತ್ತಿಂದಲ್ಲ. ಮೊನ್ನೆದ್ ಮೀನ್."

ನನ್ನ ಪಕ್ಕದಲ್ಲಿ ನಮ್ಮವರು ಅಲುಗಾಡಿದರು.

"ಮೊನ್ನೆದ್?" ಎಂದರು. ಮದುವೆಯಾದ ಮೇಲೆ ಅವರ ಬಾಯಿಂದ ನಿಜವಾದ ಪಿಸುಮಾತು ನಾನು ಕೇಳಿದ್ದು ಅದೇ ಮೊದಲು.

"ಸುಮ್ನೆ ಕೂಕಣಿ," ಎಂದೆ ನಾನು, ಅಂಗಿ ಎಳೆಯುತ್ತ.

"ನನ್ ಮೀನ್ ಮೊನ್ನೆದಾ?"

"ಹ್ವಾಯ್, ನಿಮ್ ದಮ್ಮಯ್ಯ!"

ಅವರು ಎದ್ದು ನಿಂತರು. ತಲೆ ಮಾಡಿಗೆ ಬಡಿಯಿತು. ಲೆಕ್ಕಿಸಲಿಲ್ಲ. ಮೋಸ ಮಾಡಿದೆ ಎಂದು ಹೇಳಿ, ಸಹಿಸುತ್ತಾರೆ. ದಡ್ಡ ಎಂದು ಹೇಳಿ, ನಗುತ್ತಾರೆ. ಆದರೆ ಅವರ ಮೀನು ಹಳತು ಎಂದರೆ ದೈವ ಎದುರಿಗಿದ್ದರೂ ಬಿಡುವವರಲ್ಲ. ಕಿಂಡಿಯಿಂದ ಅರ್ಧ ಮೈ ಹೊರಗೆ ಹಾಕಿ, ಬಂದರಿನ ಗಂಟಲಲ್ಲಿ ಕೂಗಿದರು:

"ಅಕ್ಕಾ! ಮೊನ್ನೆದಲ್ಲಾ! ಇವತ್ತ್ ಬೆಳ್ಗಿನ್ ಜಾವದ್ದ್! ಕಿವಿರ್ ಎತ್ತಿ ಕಾಣ್, ಕೆಂಪಿತ್ತ್!"

ಅವರಿಗೆ ಮೈಕು ಬೇಕಾಗಲಿಲ್ಲ.

ಚಪ್ಪರದಲ್ಲಿದ್ದ ಅಷ್ಟೂ ತಲೆಗಳು ಮರೆಗೂಡಿನ ಕಡೆ ತಿರುಗಿದವು. ಅತ್ತಿಗೆ, ಹೇಳಿದರೆ ನಂಬಲಿಕ್ಕಿಲ್ಲ, ಮೊದಲು ಕಿವಿರು ಎತ್ತಿ ನೋಡಿದರು. ಕೆಂಪಿತ್ತು. ತಲೆಯಾಡಿಸಿದರು. ಆಮೇಲೆ ಬಂಗುಡೆಯನ್ನು ಕೈಯಲ್ಲಿ ಹಿಡಿದೇ ತೆಂಗಿನ ತೋಟಕ್ಕೆ ಇಳಿದು ನಮ್ಮ ಕಡೆ ಹೊರಟರು. ಅವರ ಹಿಂದೆ ಮೆರವಣಿಗೆ.

"ಅಕ್ಕ ಬತ್ತಾ ಇತ್ತ್," ಎಂದರು ನಮ್ಮವರು. ಧೈರ್ಯವೆಲ್ಲ ಆ ಒಂದು ಕೂಗಿನಲ್ಲೇ ಖರ್ಚಾಗಿ ಹೋಗಿತ್ತು.

ಮೆಟ್ಟಿಲಿನ ಬದಿಯಿಂದ ಅಕ್ಕ. ಉಳಿದದ್ದು ಹೊಳೆಯ ಬದಿ. ನಮ್ಮವರು ಪಂಚೆ ಎತ್ತಿ ಕಟ್ಟಿದರು, ಹೊಳೆ ಬದಿಯ ಕಿಂಡಿ ಹತ್ತಿದರು. "ಕೆಸ್ರ್ ಇತ್ತ್!" ಎಂದು ನಾನು ಕೂಗುವಷ್ಟರಲ್ಲಿ ನನ್ನ ಕಡೆ ತಿರುಗಿ ನೋಡುತ್ತಲೇ ಹಾರಿಬಿಟ್ಟರು. ಗಾಬರಿಯಲ್ಲಿ ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ಕ್ಯಾಮೆರಾ ಚಟಚಟನೆ ತನ್ನ ಕೆಲಸ ಮಾಡಿತು. ನಮ್ಮವರು ತೊಡೆಯ ತನಕ ಕೆಸರಿನಲ್ಲಿ ಇಳಿದು ನಿಂತರು. ಸುತ್ತಲೂ ಮೂರು ನಾಯಿಗಳು, ಬಾಲ ಅಲ್ಲಾಡಿಸುತ್ತ.

ದಿನಕರ ಮತ್ತೆ ನಾಲ್ಕೈದು ಜನ ಸೇರಿ ಹಗ್ಗ ಹಾಕಿ ಎಳೆದರು. ಮೊದಲು ಬಂದದ್ದು ಪಂಚೆ. ಆಮೇಲೆ ನಮ್ಮವರು. ನಾನು ರೇಷ್ಮೆ ಸೀರೆಯಲ್ಲಿ ಮೆಟ್ಟಿಲಿಳಿದು ಗುರಿಕಾರರ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಹಕ್ಕಿ, ಬ್ಯಾನರ್, ಬೋರ್ಡು, ಬುಟ್ಟಿ. ಹೇಳುತ್ತ ಹೇಳುತ್ತ ಅಳುವೂ ಬಂತು. ಕಣ್ಣೊರೆಸಿಕೊಂಡ ಆ ಜನರ ಸಂತೋಷವನ್ನು ನಾವು ಹಾಳು ಮಾಡಿದ್ದು ಸುಳ್ಳಲ್ಲ.

ಗುರಿಕಾರರು ಕೆಸರಿನಲ್ಲಿ ಅದ್ದಿ ತೆಗೆದ ನಮ್ಮವರನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮೀಸೆ ಒಮ್ಮೆ ಅದುರಿತು.

"ಗರುಡ ಬಂದದ್ದಂತೂ ಹೌದಲೆ," ಎಂದರು. "ಕರ್ಸಿದ್ ಯಾರ್ ಅಂದೇಳಿ ದೈವ ಕೇಂತಿಲ್ಲೆ. ಮೀನೂ ಹೊಸ್ತ್ ಅಂದೇಳಿ ಈಗ ಗೊತ್ತಾಯ್ತ್. ಹೋಯಿ ಮಿಂದ್ ಬನ್ನಿ, ಊಟಕ್ ಹೊತ್ತಾಯ್ತ್."

ಜನ ನಕ್ಕರು. ಅತ್ತಿಗೆ ನಗಲಿಲ್ಲ. ಬಾವಿಕಟ್ಟೆಯಲ್ಲಿ ತಮ್ಮನ ತಲೆಯ ಮೇಲೆ ಅವರೇ ಕೊಡ ಕೊಡ ನೀರು ಸುರಿದರು. "ಮೊನ್ನೆದಲ್ಲ ಅಂದೇಳಿ ಕೂಗುಕೆ ನಾಚ್ಕಿ ಆಯ್ಲಿಲ್ಯಾ ನಿಂಗೆ?" ಎಂದು ಒಂದು ಕೊಡ. "ನಂಗೆ ತೋರ್ಸ್ದೆ ಮೀನ್ ಎಸ್ತೆ ಅಲ್ದಾ?" ಎಂದು ಇನ್ನೊಂದು ಕೊಡ. ನಮ್ಮವರು ನೀರಿನೊಳಗಿಂದಲೇ ಕೇಳಿದರು, "ಕಿವಿರ್ ಕೆಂಪಿತ್ತಾ ಇಲ್ಯಾ ಹೇಳ್!"

"ಕೆಂಪಿತ್ತ್," ಎಂದರು ಅತ್ತಿಗೆ, ಬೇಸರದಿಂದ. ಅವರಿಬ್ಬರ ರಾಜಿ ಅಲ್ಲಿಗೆ ಆಯಿತು. ಮನೆಯ ಮೆಟ್ಟಿಲೂ ನಮಗೆ ಉಳಿಯಿತು.

ಊಟದ ನಂತರ ಊರೆಲ್ಲ ನನ್ನನ್ನು ಸುತ್ತುವರಿಯಿತು. ಗರುಡನ ಫೋಟೊ ಬೇಕು! ಪ್ರಕಾಶನೂ ತನ್ನ ಇನ್ನೊಂದು ಕ್ಯಾಮೆರಾ ಹಿಡಿದು ಅಲ್ಲಿ ಕಲಶದ ಫೋಟೊ ತೆಗೆಯಲು ಬಂದಿದ್ದ. ಆದರೆ ಗರುಡ ಸುತ್ತುವ ಹೊತ್ತಿಗೆ ಅವನು ಜನರಿಗೆ "ಇತ್ಲಾಗ್ ಕಾಣಿ" ಎನ್ನುವುದರಲ್ಲಿದ್ದ. ಅವನ ಕ್ಯಾಮೆರಾದಲ್ಲಿ ಇದ್ದದ್ದು ಬಾಯಿ ತೆರೆದು ಮೇಲೆ ನೋಡುವ ಜನ ಮಾತ್ರ. ಆಕಾಶಕ್ಕೆ ಕ್ಯಾಮೆರಾ ಹಿಡಿದವಳು ನಾನೊಬ್ಬಳೇ.

ಪ್ರಕಾಶ ನನ್ನ ಕೈಯಲ್ಲಿದ್ದ ಕ್ಯಾಮೆರಾ ತೆಗೆದುಕೊಂಡು ಒಂದೊಂದೇ ತೋರಿಸಿದ. ಆಕಾಶ. ಆಕಾಶ. ಕಾಗೆಯ ಬಾಲ. ಆಕಾಶ. ಮರೆಗೂಡಿನ ಬಿದಿರು. ಒಂದು ರೆಕ್ಕೆಯ ತುದಿ. ಅದು ಗರುಡನದ್ದೇ ಎಂದು ಗುರಿಕಾರರು ಕೈ ಮುಗಿದರು. ಆಕಾಶ. ನೋಡುವವರು ಒಬ್ಬೊಬ್ಬರೇ ಎದ್ದು ಎಲೆ ಅಡಿಕೆ ಹಾಕಲು ಹೋದರು. ಪ್ರಕಾಶ ಮಾತ್ರ ಕೊನೆಯ ತನಕ ನೋಡಿ, ಒಂದು ಕಡೆ ತಟ್ಟನೆ ನಿಂತ.

"ಸರೋಜಕ್ಕ, ಇದ್ ಭಾರಿ ಲಾಯ್ಕ್ ಬಂದಿತ್!"

ನಾನು ಆಸೆಯಿಂದ ಬಗ್ಗಿ ನೋಡಿದೆ. ಎರಡೂ ಕಾಲು ನೆಲ ಬಿಟ್ಟಿವೆ. ಕೈಗಳು ಅಗಲವಾಗಿ ಹರಡಿವೆ. ಶಾಲು ಹಿಂದಕ್ಕೆ ಬಾಲದ ಹಾಗೆ ಚಾಚಿದೆ. ಪಂಚೆ ಗಾಳಿಗೆ ತುಂಬಿಕೊಂಡಿದೆ. ಕಣ್ಣಿನ ರೆಪ್ಪೆ ಕೂಡ ಎಣಿಸಬಹುದು. ಆ ದಿನ ನಾನು ಹಾರುತ್ತಿರುವ ಸ್ಥಿತಿಯಲ್ಲಿ ಸೆರೆಹಿಡಿದ ಏಕೈಕ ಜೀವಿ ನಮ್ಮವರು!

"ಇದ್ನೇ ಹಾಕುವನಾ ಬ್ಯಾನರಿಗೆ?" ಎಂದ ದಿನಕರ. "ನಮ್ ಬದಿದೇ ಅಲ್ದಾ?"

ಹಾಕಲಿಲ್ಲ. ಶನಿವಾರ ಅಂಗಡಿಯಲ್ಲಿ ಕೂತು ಬಹಳ ಯೋಚನೆ ಮಾಡಿದೆ. ಇಂಟರ್ನೆಟ್ಟಿನ ಹಕ್ಕಿಯನ್ನು ಮುಟ್ಟುವ ಧೈರ್ಯವಿಲ್ಲ. ನನ್ನ ಹತ್ತಿರ ಯಥೇಚ್ಛವಾಗಿ ಇದ್ದದ್ದು ಆಕಾಶ. ಅದು ಆ ಜಾಗದ್ದೇ ಆಕಾಶ, ಬೇರೆ ದೇಶದ್ದೆಂದು ಯಾರೂ ಹೇಳುವಂತಿಲ್ಲ. ಅದರಲ್ಲೇ ಒಳ್ಳೆಯದೊಂದನ್ನು ಆರಿಸಿ, ಮೇಲೆ ಅಕ್ಷರ ಹಾಕಿ, ಪ್ರಿಂಟ್ ಮಾಡಿಬಿಟ್ಟೆ. 'ಪಕ್ಷಿಧಾಮಕ್ಕೆ ಸ್ವಾಗತ'. ಕೆಳಗೆ ದೊಡ್ಡ ನೀಲಿ. ಜೊತೆಗೆ ದಿನಕರ ಹೇಳಿದಂತೆ ಹಳೆಯ ಸೂಚನಾ ಬೋರ್ಡಿಗೆ ಒಂದು ಸಾಲು ಸೇರಿಸಿ ಹೊಸದು ಮಾಡಿಕೊಟ್ಟೆ: 'ಮೀನು ಎಸೆಯಬಾರದು'. ಅಕ್ಷರ ತಪ್ಪಿಲ್ಲ.

ಭಾನುವಾರ ಉದ್ಘಾಟನೆಗೆ ಬ್ರಹ್ಮಾವರದ ಮಾಸ್ಟ್ರು ಬಂದರು. ತೆಳ್ಳಗೆ, ಉದ್ದಕ್ಕೆ, ಕುತ್ತಿಗೆಯಲ್ಲಿ ದುರ್ಬೀನು. ಬ್ಯಾನರಿನ ಎದುರು ನಿಂತರು. ಹಿಂದೆ ಸರಿದು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ನಾನು ಸೀರೆಯ ಸೆರಗನ್ನು ತಿರುಚುತ್ತ ನಿಂತಿದ್ದೆ.

"ಇದನ್ನು ಮಾಡಿದವರು ಯಾರು?" ಎಂದು ಕೇಳಿದರು.

ದಿನಕರ ನನ್ನತ್ತ ಕೈ ತೋರಿಸಿ ಎರಡು ಹೆಜ್ಜೆ ದೂರ ಸರಿದ.

"ಅಮ್ಮ," ಎಂದರು ಮಾಸ್ಟ್ರು, ದನಿ ತಗ್ಗಿಸಿ, "ನಾನು ಎಷ್ಟೋ ಪಕ್ಷಿಧಾಮಗಳಿಗೆ ಹೋಗಿದ್ದೇನೆ. ಎಲ್ಲ ಕಡೆ ಹಕ್ಕಿಯ ಚಿತ್ರ ಹಾಕುತ್ತಾರೆ. ನೀವು ಖಾಲಿ ಆಕಾಶ ಹಾಕಿದ್ದೀರಿ. ನಾವು ಎಚ್ಚೆತ್ತುಕೊಳ್ಳದಿದ್ದರೆ ನಾಳೆ ಉಳಿಯುವುದು ಇಷ್ಟೇ ಎಂದು ತಾನೇ?"

ಸುತ್ತ ಜನ ಸೇರಿದ್ದರು. ನಾನು ಅವರೆಲ್ಲರ ಮುಖ ನೋಡಿದೆ. ಬ್ಯಾನರ್ ನೋಡಿದೆ. ನೋಡಿದ ಹಾಗೆ ನನಗೂ ಅದರಲ್ಲಿ ಏನೋ ಒಂದು ಆಳ ಕಾಣತೊಡಗಿತು.

"ಹೌದು ಸರ್," ಎಂದೆ ಗಂಭೀರವಾಗಿ. "ಅದೇ ಯೋಚನೆ."

ಮಾಸ್ಟ್ರು ತಲೆದೂಗಿದರು. ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಎದುರು ಅಂಗಡಿಯವರು ಇದನ್ನು ನೋಡಬೇಕಿತ್ತು ಎಂದು ನಾನು ಅಂದುಕೊಳ್ಳುತ್ತಿರುವಾಗಲೇ, ಜನರ ಹಿಂದಿನಿಂದ ನನ್ನ ಗಂಡನ ಅಭಿಮಾನ ತುಂಬಿದ ದನಿ ಹೊಳೆಯ ಆಚೆ ದಡಕ್ಕೂ ಕೇಳುವ ಹಾಗೆ ಮೊಳಗಿತು:

"ಸರ್, ಹೀಂಗಿದ್ದ್ ಇವ್ಳ್ ಹತ್ರ ಇನ್ನೂ ರಾಶಿ ಇತ್ತ್! ತೆಗ್ದದ್ದೆಲ್ಲ ಹೀಂಗೇ ಬಂದಿತ್!"

ಮಾಸ್ಟ್ರು ನನ್ನನ್ನು ನೋಡಿದರು. ನಾನು ಹೊಳೆಯನ್ನು ನೋಡಿದೆ.

ರಿಬ್ಬನ್ ಕತ್ತರಿಸಿದರು. ಮರೆಗೂಡು ಸಾರ್ವಜನಿಕರಿಗೆ ಮುಕ್ತವಾಯಿತು. ಓಡಿ ಹೋಗಿ ಮೊದಲು ಒಳಗೆ ಕೂತವಳು ನಾನೇ.